ಕೋಲು ಯಾವ ಕೈಯಲ್ಲಿದೆ?

ಕೇಳುಗರೇ, ನಮಸ್ಕಾರ.

ನಿಮ್ಮಲ್ಲಿ ಯಾರೋ ಒಬ್ಬರು ಈಗ ಅಡುಗೆಮನೆ ಕಟ್ಟೆಗೆ ಒರಗಿಕೊಂಡು ಇದನ್ನು ಕೇಳುತ್ತಿದ್ದೀರಿ. ಒಂದು ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಇನ್ನೊಂದನ್ನು ಸುಮ್ನೆ ನೆಲಕ್ಕೆ ತಾಗಿಸಿ ನಿಂತಿದ್ದೀರಿ. ನಾಲ್ಕು ತಿಂಗಳ ಹಿಂದೆ ಸೊಂಟದ ಕೀಲು ಬದಲಾಯಿಸಿಕೊಂಡವರು ನೀವು. ಲಕ್ಷಗಟ್ಟಲೆ ಖರ್ಚಾಗಿದೆ. ನೋಡೋಕೆ ಬಂದವರೆಲ್ಲ "ಅಯ್ಯೋ, ಇನ್ನೂ ನೋವಾ?" ಅಂತ ಕೇಳುತ್ತಾರೆ. ಕೇಳಿದಾಗಲೆಲ್ಲ ಆ ನೋವು ಇನ್ನೊಂಚೂರು ಜಾಸ್ತಿ ಆಗುತ್ತದೆ, ಅಲ್ವಾ? ನಾನು ಮಾತಾಡುತ್ತಿರುವುದು ನಿಮ್ಮ ಜೊತೆಗೇ. ಮಿಕ್ಕವರು ಕೇಳಿಸಿಕೊಂಡರೆ ಬೇಡ ಅನ್ನುವುದಿಲ್ಲ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಆಪರೇಷನ್ ಮಾಡುವವಳಲ್ಲ, ಆದಮೇಲೆ ಬಂದು "ಏಳಿ, ನಡೀರಿ" ಅಂತ ಬೈಯುವವಳು. ಮಾತಿನಲ್ಲಿ ಆ ಧಾಟಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಒಂದೇ ಮಾತು. ಕೀಲು ಹೊಸದು, ಸ್ನಾಯು ಹಳೆಯದು. ಇದನ್ನು ಇನ್ನೂ ಒಂದೆರಡು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸೊಂಟದ ಕೀಲು ಅಂದರೆ ಏನು? ತೊಡೆಮೂಳೆಯ ಮೇಲ್ತುದಿ ಒಂದು ಗುಂಡು. ಅದು ಸೊಂಟದ ಮೂಳೆಯ ಬಟ್ಟಲಲ್ಲಿ ಕೂತು ತಿರುಗುತ್ತದೆ, ಒರಳಲ್ಲಿ ಗುಂಡುಕಲ್ಲು ತಿರುಗಿದ ಹಾಗೆ. ಎರಡರ ನಡುವಿನ ನುಣುಪು ಸವೆದು ಹೋದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಅದೇ ಆ ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವು. 1962ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಅನ್ನುವವರು ಲೋಹದ ಸಣ್ಣ ಗುಂಡು, ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು ಜೋಡಿಸಿ ದಾರಿ ಮಾಡಿಕೊಟ್ಟರು. ಇವತ್ತು ಸಾಮಾನು ಸುಧಾರಿಸಿದೆ, ಮೂಲ ಲೆಕ್ಕ ಅದೇ.

ಆ ಕೆಲಸಕ್ಕೆ ಒಂದೆರಡು ಗಂಟೆ ಸಾಕು. ಆದರೆ ಅದಕ್ಕೆ ಮುಂಚೆ ನೀವು ಎಷ್ಟು ವರ್ಷ ಕುಂಟಿದ್ದಿರಿ? ಮೂರು? ಐದು? ಅಷ್ಟು ವರ್ಷ ಆ ಕಡೆಯ ಸ್ನಾಯುಗಳಿಗೆ ಕೆಲಸವೇ ಇರಲಿಲ್ಲ. ಸೊರಗಿ ಹೋಗಿವೆ. ಅದರ ಮೇಲೆ ಆಪರೇಷನ್ನಿನಲ್ಲಿ ಕೀಲು ಮುಟ್ಟಬೇಕಾದರೆ ಅವನ್ನೇ ಸರಿಸಿಕೊಂಡು ಒಳಗೆ ಹೋಗಬೇಕು. ಕೀಲು ಒಂದೇ ದಿನದಲ್ಲಿ ಹೊಸದಾಯಿತು. ಸ್ನಾಯುವನ್ನು ಯಾರೂ ಬದಲಾಯಿಸಿಲ್ಲ. ಅದನ್ನು ಬದಲಾಯಿಸಲು ಬರುವುದೂ ಇಲ್ಲ.

ಪಾಂಡವಪುರದ ಕಡೆಯ ಒಬ್ಬರು ಯಜಮಾನರ ಕಥೆ ಹೇಳಲೇಬೇಕು. ನನ್ನ ಹತ್ತಿರ ಬರುವವರಿಗೆಲ್ಲ ಹೇಳಿ ಹೇಳಿ, ಈಗ ನಮ್ಮ ಮನೆಯವರಿಗೆ ಬಾಯಿಪಾಠ ಆಗಿದೆ.

ಅರವತ್ತೆಂಟು ವಯಸ್ಸು. ಕಬ್ಬು, ಭತ್ತ ಬೆಳೆಯುವವರು. ಬಲಗಡೆ ಸೊಂಟದ ಕೀಲು ಬದಲಾಯಿಸಿ ಐದು ತಿಂಗಳಾಗಿತ್ತು. ಬಟ್ಟೆ ಅಂಗಡಿಯ ಕವರಿನಲ್ಲಿ ಮೂರು ಎಕ್ಸ್‌ರೇ ಹಿಡಿದುಕೊಂಡು ಬಂದರು, ಜೊತೆಗೆ ಸೊಸೆ. ಮೂರೂ ಎಕ್ಸ್‌ರೇ ಚೆನ್ನಾಗಿದ್ದವು. ರಕ್ತಪರೀಕ್ಷೆ ಚೆನ್ನಾಗಿತ್ತು. ಆಪರೇಷನ್ ಮಾಡಿದ ಡಾಕ್ಟರೂ ನೋಡಿ, ಕೀಲಿಗೆ ಏನೂ ಆಗಿಲ್ಲ ಅಂದಿದ್ದರು. ಯಜಮಾನರಿಗೆ ಮಾತ್ರ ನಂಬಿಕೆ ಇಲ್ಲ.

"ಕಬ್ಬಿಣ ಸರಿಯಾಗಿ ಕುಂತಿಲ್ಲ ಕಣವ್ವ" ಅಂದರು.

"ಎಲ್ಲಿ, ಬಾಗಿಲಿಂದ ಕಿಟಕಿ ತನಕ ನಡೀರಿ ಯಜಮಾನ್ರೆ" ಅಂದೆ. ಹನ್ನೆರಡು ಹೆಜ್ಜೆ. ನಾನು ಹಿಂದೆ ನಿಂತು ನೋಡಿದೆ. ಬಲಗಾಲು ಊರಿದಾಗಲೆಲ್ಲ ಇಡೀ ಮೈ ಬಲಕ್ಕೆ ವಾಲುತ್ತಿತ್ತು. ಬಲಗೈಯಲ್ಲೊಂದು ಬಿದಿರು ಕೋಲು. ಊರಿ ಊರಿ ಅದರ ತುದಿ ಕುಂಚದ ಹಾಗೆ ಬಿರಿದುಕೊಂಡಿತ್ತು.

"ಕೋಲು ಎಡಗೈಗೆ ತಗೊಳ್ಳಿ."

ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ನೋವು ಬಲಗಡೇಲಿ ಅದೆ. ಕೋಲ ಎಡಗಡೆ ಮಡಿಕೊಂಡು ಏನ್ ಮಾಡ್ಲವ್ವ?"

ನೀವೂ ಹಾಗೇ ಅಂದುಕೊಂಡಿದ್ದೀರಿ, ಅಲ್ವಾ? ನೋವಿರುವ ಕಡೆಗೇ ಆಸರೆ ಬೇಕು ಅಂತ. ಸಿನಿಮಾಗಳಲ್ಲೂ ನಾಟಕಗಳಲ್ಲೂ ಕುಂಟುವ ಪಾತ್ರ ಹಾಗೇ ಹಿಡಿದಿರುತ್ತದೆ. ತಪ್ಪು. ಸರಿಯಾದ ಲೆಕ್ಕ ಇಲ್ಲಿದೆ, ಒಂದು ನಿಮಿಷ ಗಮನ ಕೊಡಿ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಒಂಟಿ ಕಾಲಲ್ಲಿ ನಿಲ್ಲುತ್ತೀರಿ. ಆಗ ಮೈ ಇನ್ನೊಂದು ಕಡೆಗೆ ಬೀಳದ ಹಾಗೆ ಎಳೆದು ಹಿಡಿಯುವುದು ಸೊಂಟದ ಪಕ್ಕದ ಸ್ನಾಯು. ಹೆಂಗಸರು ಬಿಂದಿಗೆ ಇಟ್ಟುಕೊಳ್ಳುವ, ಕೂಸನ್ನು ಕೂರಿಸಿಕೊಳ್ಳುವ ಜಾಗ ಇದೆಯಲ್ಲ, ಅದರ ಸ್ವಲ್ಪ ಕೆಳಗೆ. ಆ ಎಳೆತವೂ ಕೀಲಿನ ಮೇಲೇ ಬೀಳುತ್ತದೆ. ಹಾಗಾಗಿ 60 ಕೆಜಿ ತೂಕದವರ ಕೀಲಿನ ಮೇಲೆ ಹೆಜ್ಜೆಹೆಜ್ಜೆಗೂ ಬೀಳುವುದು ಸುಮಾರು 150 ಕೆಜಿ. ಒಂದೂವರೆ ಕ್ವಿಂಟಲ್! ಎದುರು ಕೈಯಲ್ಲಿ ಕೋಲು ಊರಿದರೆ ಅದು ಕೀಲಿನಿಂದ ದೂರ ಇರುತ್ತದೆ. ಹಾರೆ ಹಾಕಿ ಬಂಡೆ ಎಬ್ಬಿಸುವಾಗ ತುದಿ ಹಿಡಿಯುತ್ತೀರೋ, ಬುಡ ಹಿಡಿಯುತ್ತೀರೋ? ದೂರದಿಂದ ಸ್ವಲ್ಪ ಒತ್ತಿದರೂ ಸಾಕು, ಆ ಸೊರಗಿದ ಸ್ನಾಯುವಿನ ಒಂದಷ್ಟು ಕೆಲಸ ಕೋಲು ಮಾಡುತ್ತದೆ.

ಹಾರೆಯ ಉದಾಹರಣೆ ಯಜಮಾನರಿಗೆ ಒಪ್ಪಿಗೆಯಾಯಿತು. ಕೋಲು ಎಡಗೈಗೆ ಬಂತು. ನಾಲ್ಕು ಸುತ್ತು ನಡೆಸಿದೆ. ಬಾಯಲ್ಲಿ "ಏನೂ ಯತ್ಯಾಸ ಇಲ್ಲ ಬುಡು" ಅಂದರು. ಆದರೆ ಹುಬ್ಬು ಗಂಟು ಹಾಕಿಕೊಳ್ಳುವುದು ನಿಂತಿತ್ತು. ಸೊಸೆ ನನ್ನ ಕಡೆ ನೋಡಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು.

ಆಮೇಲೆ ನಾನು ನನ್ನ ಮಂತ್ರ ಹೇಳಿದೆ. ಕೀಲು ಹೊಸದು, ಸ್ನಾಯು ಹಳೆಯದು, ಐದು ವರ್ಷದಿಂದ ಮಲಗಿದೆ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರೆ ಗಾಡಿಗೆ ಹೊಸ ಗಾಲಿ ಹಾಕ್ಸಿವ್ನಿ, ಎತ್ತು ಕೂತದೆ ಅಂತೀಯ" ಅಂದರು.

ಅಷ್ಟೇ! ನಾಲ್ಕೂವರೆ ವರ್ಷ ಓದಿ ನಾನು ಕಲಿತದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿಬಿಟ್ಟರು.

ಅಲ್ಲಿಗೆ ಬಿಡಲಿಲ್ಲ. ಹಿಂದೆ ಅವರ ಜೋಡಿಯಲ್ಲಿ ಒಂದು ಎತ್ತಿಗೆ ಕಾಲುಬಾಯಿ ಜ್ವರ ಬಂದು ಆರು ತಿಂಗಳು ಕೊಟ್ಟಿಗೆಯಲ್ಲೇ ಇತ್ತಂತೆ. ಗೊರಸು ವಾಸಿಯಾಯಿತು. ಆದರೂ ಮೊದಲನೆಯ ದಿನವೇ ಕಬ್ಬು ತುಂಬಿದ ಗಾಡಿಗೆ ಕಟ್ಟಿದ್ದರೆ ಮಂಡಿಯೂರುತ್ತಿತ್ತು. ಅದಕ್ಕೆ ಅವರು ಮೊದಲ ವಾರ ಬರೀ ಹಗ್ಗ ಹಿಡಿದು ಓಡಾಡಿಸಿದರು, ಬೆಳಿಗ್ಗೆ ಒಂಚೂರು, ಸಾಯಂಕಾಲ ಒಂಚೂರು. ಆಮೇಲೆ ಬರಿ ನೊಗ. ಆಮೇಲೆ ಖಾಲಿ ಗಾಡಿ. ಆಮೇಲೆ ಅರ್ಧ ಹೊರೆ. "ಮಾರನೆ ದಿನ ಬೆಳಗ್ಗೆ ಮೇವು ತಿನ್ನದೆ ನಿಂತಿದ್ರೆ, ನೆನ್ನೆ ಜಾಸ್ತಿ ಆಯ್ತು ಅಂತ ಅರ್ಥ. ಅವತ್ತು ಕಮ್ಮಿ ಮಾಡೋದು."

ಕೇಳುಗರೇ, ಇದಕ್ಕಿಂತ ಒಳ್ಳೆಯ ವ್ಯಾಯಾಮದ ಚೀಟಿ ನಾನು ಬರೆದಿಲ್ಲ. ಎತ್ತಿನ ಜಾಗದಲ್ಲಿ ನಿಮ್ಮ ಸ್ನಾಯು ಇಟ್ಟುಕೊಳ್ಳಿ. ಒಂದೇ ಸಲ ಅರ್ಧ ಗಂಟೆ ನಡೆಯಬೇಡಿ, ಐದೈದು ನಿಮಿಷ ಆರು ಸಲ ನಡೆಯಿರಿ. ವ್ಯಾಯಾಮ ಮಾಡಿದಾಗ ಸ್ವಲ್ಪ ನೋವು ಬಂದೇ ಬರುತ್ತದೆ, ಹೆದರಬೇಡಿ. ಮಾರನೆ ಬೆಳಿಗ್ಗೆ ಹೊತ್ತಿಗೆ ಇಳಿದಿದ್ದರೆ ಸರಿಯಾದ ಅಳತೆ. ಇನ್ನೂ ಜಾಸ್ತಿ ಇದ್ದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಖುಷಿಯಲ್ಲಿ ಕುಕ್ಕರಹಳ್ಳಿ ಕೆರೆಯ ಪೂರ್ತಿ ಸುತ್ತು ಮೊದಲ ದಿನವೇ ಹೊಡೆದು, ನಾಲ್ಕು ದಿನ ಮಲಗಿ, "ವಾಕಿಂಗ್ ನಮಗೆ ಆಗಿಬರಲ್ಲ ಮೇಡಂ" ಅನ್ನುವವರನ್ನು ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಆಷಾಢ ಶುಕ್ರವಾರ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇನೆ ಅಂತ ಹರಕೆ ಹೊತ್ತವರೂ ಇದ್ದಾರೆ. ತಾಯಿ ಚಾಮುಂಡಿಗೆ ಅವಸರ ಇಲ್ಲ. ಈ ವರ್ಷ ಬಸ್ಸಿನಲ್ಲೇ ಹೋಗಿಬನ್ನಿ.

ಮಾಡಬೇಕಾದ ವ್ಯಾಯಾಮ ಒಂದೇ ಹೇಳುತ್ತೇನೆ. ನೀವು ಒರಗಿ ನಿಂತಿದ್ದೀರಲ್ಲ, ಅದೇ ಅಡುಗೆಮನೆ ಕಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಆಪರೇಷನ್ ಆದ ಕಾಲನ್ನು ಪಕ್ಕಕ್ಕೆ ಎತ್ತಿ. ಒಂದು ಗೇಣು ಸಾಕು. ಪಾದ ಮುಂದಕ್ಕೇ ನೋಡುತ್ತಿರಲಿ, ಮೈ ವಾಲಬಾರದು. ನಿಧಾನ ಇಳಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹಾಲು ಉಕ್ಕುವುದನ್ನು ಕಾಯುತ್ತಾ ಮಾಡಿದರೂ ಆಗುತ್ತದೆ.

ಸಮಯ ಕಮ್ಮಿ ಇದೆ ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಯಜಮಾನರ ಕಥೆ ಎಳೆದುಬಿಟ್ಟೆ. ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ.

ನೋವು ಎಲ್ಲಿದೆ ಅಂತ ಒಂದು ಬೆರಳಲ್ಲಿ ತೋರಿಸಿ. ನಮ್ಮ ಕನ್ನಡದಲ್ಲಿ ಒಂದು ತೊಂದರೆ ಇದೆ, ನಡು ನೋವಿಗೂ "ಸೊಂಟ" ಅನ್ನುತ್ತೇವೆ, ಈ ಕೀಲಿಗೂ "ಸೊಂಟ" ಅನ್ನುತ್ತೇವೆ. ಡಾಕ್ಟರ ಹತ್ತಿರ ಬರೀ "ಸೊಂಟ ನೋವು" ಅನ್ನಬೇಡಿ, ಬೆರಳಿಟ್ಟು ತೋರಿಸಿ. ಪಕ್ಕದಲ್ಲಿ, ಆ ಕಡೆ ಹೊರಳಿ ಮಲಗಿದರೆ ನೋವು ಅಂದರೆ, ಸಾಮಾನ್ಯವಾಗಿ ಸ್ನಾಯುವಿನದು. ಹಿಂದೆ ಶುರುವಾಗಿ ಮಂಡಿ ದಾಟಿ ಕೆಳಗಿಳಿದರೆ ಬೆನ್ನುಮೂಳೆಯ ನರದ್ದಿರಬಹುದು. ಮುಂದೆ, ತೊಡೆಸಂದಿನಲ್ಲಿ ಅಂದರೆ ಕೀಲನ್ನೇ ಒಮ್ಮೆ ನೋಡಿಸಬೇಕು. ಹೆಚ್ಚಿನವರಿಗೆ ಮೂರು ತಿಂಗಳಲ್ಲಿ ನೋವು ಬಹಳ ಇಳಿಯುತ್ತದೆ, ಸ್ನಾಯು ಪೂರ್ತಿ ಬಲ ತುಂಬಿಕೊಳ್ಳಲು ವರ್ಷ ಹಿಡಿಯುತ್ತದೆ. ಹತ್ತರಲ್ಲಿ ಒಬ್ಬಿಬ್ಬರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ನೀವೊಬ್ಬರೇ ಅಲ್ಲ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ? ಜ್ವರ ಬಂದು ಕೀಲು ನೋಯುತ್ತಿದ್ದರೆ. ಗಾಯದಿಂದ ಕೀವು, ನೀರು ಸೋರಿದರೆ. ಮೀನಖಂಡ ಊದಿಕೊಂಡು ಬಿಗಿದರೆ. ಇದ್ದಕ್ಕಿದ್ದಂತೆ ಎದೆ ನೋವು, ಉಸಿರಾಟದ ಕಷ್ಟ ಬಂದರೆ. ಬಿದ್ದೋ, ತಿರುಚಿಯೋ, ಕಾಲು ಊರಲಿಕ್ಕೇ ಆಗದಿದ್ದರೆ. ಆರಾಮಾಗಿದ್ದ ಕೀಲು ವರ್ಷಗಳ ಮೇಲೆ, ಕುರ್ಚಿಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆಗೆ ನೋಯಲು ಶುರುವಾದರೂ ತೋರಿಸಿ, ಸಡಿಲ ಆಗಿರಬಹುದು. ಇವೆಲ್ಲ ನನ್ನ ಅಡುಗೆಮನೆ ಕಟ್ಟೆಗೆ ಬಗ್ಗುವಂಥವಲ್ಲ.

ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದು ತಿಂಗಳುಗಟ್ಟಲೆ ನುಂಗಬೇಡಿ, ಕಿಡ್ನಿಗೆ ಪೆಟ್ಟು. ಡಾಕ್ಟರು ಬರೆದ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಂಡರೆ ಅನುಕೂಲ. ಊತಕ್ಕೆ ಮಂಜುಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ. ನೀವಿಸಿಕೊಳ್ಳುತ್ತೇನೆ ಅಂತ ಹೋಗಿ ಯಾರ ಕೈಯಲ್ಲೂ ಕಾಲು ಎಳೆಸಿಕೊಳ್ಳಬೇಡಿ. ದಯವಿಟ್ಟು. ಕೀಲು ಜಾರಿದರೆ ಮತ್ತೆ ಆಸ್ಪತ್ರೆಯೇ ಗತಿ.

ಇನ್ನು ಹೆದರಿಕೆ. ಹೆದರಿ ಬಿಗಿಹಿಡಿದುಕೊಂಡು ನಡೆದರೆ ನೋವು ಜಾಸ್ತಿ, ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ. ಇದು ಮನಸ್ಸಿನ ಭ್ರಮೆ ಅಲ್ಲ, ನೋವು ಕೆಲಸ ಮಾಡುವ ರೀತಿಯೇ ಹಾಗೆ. ಇದೇ ಊರಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಮೇಷ್ಟ್ರು. ಇದನ್ನು ಅವರು ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರೋ ಏನೋ. ನನಗೆ ಗೊತ್ತಿರುವುದು ಇಷ್ಟೇ: ಸ್ನಾಯುವಿಗೆ ಬಲ ಬಂದ ಹಾಗೆ ಹೆದರಿಕೆಯೂ ಬಿಡುತ್ತದೆ. ಕೀಲು ಹೊಸದು, ಸ್ನಾಯು ಹಳೆಯದು.

ಯಜಮಾನರು ಎರಡು ತಿಂಗಳು ಬಿಟ್ಟು ಮತ್ತೆ ಬಂದರು. ಕೋಲು ಎಡಗೈಯಲ್ಲೇ ಇತ್ತು, ತುದಿಗೆ ರಬ್ಬರ್ ಬುಷ್ ಹಾಕಿಸಿದ್ದರು. ನೋವು ಪೂರ್ತಿ ಹೋಗಿರಲಿಲ್ಲ, ನಡಿಗೆಯ ವಾಲಾಟ ಮುಕ್ಕಾಲು ಪಾಲು ಹೋಗಿತ್ತು. ಊರಿನಲ್ಲಿ ಕೋಲು ಹಿಡಿದು ಓಡಾಡುವ ಇನ್ನಿಬ್ಬರನ್ನು ಅರಳಿಕಟ್ಟೆ ಹತ್ತಿರ ತಡೆದು ನಿಲ್ಲಿಸಿ, ಕೈ ಬದಲಾಯಿಸಿ ಕಳಿಸಿದ್ದಾರಂತೆ. ಒಬ್ಬರಿಗೆ ಮಂಡಿ ನೋವು. ಅದಕ್ಕೂ ಎದುರು ಕೈಯೇ ಸರಿ, ಪುಣ್ಯಕ್ಕೆ.

ಒಂದು ಉಳಿಯಿತು, ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕೋಲಿನ ಉದ್ದ, ಕೈ ಇಳಿಬಿಟ್ಟರೆ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ತಗ್ಗು ಸೋಫಾ, ಕಮೋಡಿನ ಎತ್ತರ, ನೆಲದ ಮೇಲೆ ಕೂರುವುದು, ಇದೆಲ್ಲ ಹೇಳಬೇಕಿತ್ತು. ಆದರೆ ಆಚೆ ಇರುವವರು ಈಗ ಎದ್ದು ನಿಂತಿದ್ದಾರೆ. ನಮಸ್ಕಾರ.