ಎಫ್ 1.8 ನುಂಗಿದ ಓಬವ್ವನ ಕಿಂಡಿ

ಮೊದಲು ಈ ಫೋಟೋ ನೋಡಿ, ನಗಬೇಡಿ. ಹೋದ ವರ್ಷ ತೆಗೆದದ್ದು. ನನ್ನ ಅಕ್ಕನ ಮಗಳು, ಕೈಯಲ್ಲಿ ಮನೆಯಿಂದ ತಂದ ಪುಟ್ಟ ಒನಕೆ, ಕಣ್ಣಲ್ಲಿ ಸಿಟ್ಟು, ಎಲ್ಲಾ ಸರಿ. ಹಿಂದೆ ಏನಿದೆ ಹೇಳಿ? ಬೂದು ಮಂಜು, ನಡುವೆ ಒಂದು ಕಪ್ಪು ಮಚ್ಚೆ. ಅದು ಚಿತ್ರದುರ್ಗ ಕೋಟೆಯ ಓಬವ್ವನ ಕಿಂಡಿ! ದಾವಣಗೆರೆಯಿಂದ ಬಸ್ಸಲ್ಲಿ 60 ಕಿಲೋಮೀಟರ್ ಬಂದು, ಬಿಸಿಲಲ್ಲಿ ಮೆಟ್ಟಿಲು ಹತ್ತಿ, ಹೈದರಾಲಿಯ ಸೈನಿಕರು ನುಸುಳಿದರು ಅನ್ನುವ ಜಾಗವನ್ನೇ ನಾನು ಮಾಯ ಮಾಡಿದ್ದೆ. ನಮ್ಮ ಮನೆ ಹಿಂದಿನ ಕಾಂಪೌಂಡ್ ಮುಂದೆ ನಿಲ್ಲಿಸಿದ್ದರೂ ಇದೇ ಫೋಟೋ ಬರುತ್ತಿತ್ತು.

ತಪ್ಪು ಯಾರದು? ಆಗಷ್ಟೇ 50 ಎಂಎಂ ಲೆನ್ಸ್ ತಗೊಂಡಿದ್ದೆ, ಎಫ್ 1.8. ಎಫ್ ನಂಬರ್ ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ತೂತಿನ, ಅಂದರೆ ಅಪರ್ಚರಿನ, ಅಳತೆ. ಹಿಂದಿನದೆಲ್ಲ ಬ್ಲರ್ ಆದರೆ ಅದೇ ದೊಡ್ಡ ಫೋಟೋಗ್ರಫಿ ಅಂದುಕೊಂಡು ಆರು ತಿಂಗಳು ಆ ನಂಬರ್ ಬಿಟ್ಟು ಅಲ್ಲಾಡಲಿಲ್ಲ.

ಈ ನಂಬರ್ ಗೊಂದಲ ಎಲ್ಲರಿಗೂ ಇರುತ್ತದೆ ಅಲ್ವಾ, ಚಿಕ್ಕ ನಂಬರ್ ಅಂದರೆ ದೊಡ್ಡ ತೂತು ಯಾಕೆ ಅಂತ. ಸುಮ್ನೆ ಭಾಗಿಸಿ ನೋಡಿ. 50ನ್ನು 1.8ರಿಂದ ಭಾಗಿಸಿದರೆ ಸುಮಾರು 28 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯದಷ್ಟು. ಎಫ್ 8 ಆದರೆ, 8ರಿಂದ ಭಾಗಿಸಿ, 6 ಚಿಲ್ಲರೆ, ಒಂದು ಕಡಲೆಕಾಳು. ನನ್ನದು ಚಿಕ್ಕ ಸೆನ್ಸರ್ ಇರುವ ಕ್ರಾಪ್ ಕ್ಯಾಮೆರಾ. ಅದರಲ್ಲಿ ಎಫ್ 1.8 ಇಟ್ಟು ಎರಡು ಮೀಟರ್ ದೂರದವರನ್ನು ತೆಗೆದರೆ ಚೊಕ್ಕವಾಗಿ ಕಾಣುವ ಆಳ ಹೆಚ್ಚು ಕಡಿಮೆ 11 ಸೆಂಟಿಮೀಟರ್. ಅರ್ಧ ಗೇಣು! ಮೂಗು, ಕಣ್ಣು, ಕಿವಿ, ಮುಗೀತು. ಕೋಟೆಗೆ ಅದರಲ್ಲಿ ಜಾಗ ಎಲ್ಲಿ?

ಈ ಸಲ ಹಾಗೆ ಮಾಡಲಿಲ್ಲ. ಕ್ಯಾಮೆರಾ ಬ್ಯಾಗಲ್ಲೇ ಇಟ್ಟು ಮೊದಲು ಜಾಗ ನೋಡಿದೆ. ಕಿಂಡಿ ಕಾಣಬೇಕು, ಕಲ್ಲಿನ ಗಾತ್ರ ಗೊತ್ತಾಗಬೇಕು, ಹುಡುಗಿ ಅದರ ಮುಂದೆ ಸಣ್ಣಗೆ ಕಂಡರೂ ಪರವಾಗಿಲ್ಲ. ಇಷ್ಟು ತೀರ್ಮಾನ ಆದ ಮೇಲೆ ಲೆನ್ಸ್ ತಾನಾಗಿಯೇ ಆಯ್ಕೆಯಾಯಿತು: ಕ್ಯಾಮೆರಾ ಜೊತೆಗೇ ಬಂದು ಮೂಲೆಗೆ ಬಿದ್ದಿದ್ದ 18-55 ಎಂಎಂ ಕಿಟ್ ಲೆನ್ಸ್, ಹೆಚ್ಚು ಅಗಲ ಕಾಣುವ 18ರಲ್ಲಿ. ಅವಳನ್ನು ಕಿಂಡಿಗೆ ಹತ್ತಿರ ನಿಲ್ಲಿಸಿದೆ. ಇದನ್ನು ಜಾಸ್ತಿ ಜನ ಮರೆಯುತ್ತಾರೆ, ಹಿಂದಿನ ಗೋಡೆ ಎಷ್ಟು ದೂರ ಇದೆ ಅನ್ನುವುದೂ ಬ್ಲರ್ ಎಷ್ಟು ಅನ್ನುವುದನ್ನು ತೀರ್ಮಾನಿಸುತ್ತದೆ, ಬರೀ ಅಪರ್ಚರ್ ಅಲ್ಲ.

ಎಫ್ 8 ಇಡೋಣ ಅಂತ ಹೊರಟೆ. ಬಂಡೆಗಳ ನಡುವೆ ಬೆಳಕು ಕಡಿಮೆ. 1.8ರಿಂದ 8ಕ್ಕೆ ಬಂದರೆ ಬೆಳಕು ಸುಮಾರು 20 ಪಟ್ಟು ಇಳಿಯುತ್ತದೆ. ಮೊದಲು ಶಟರ್ 1/500 ಸೆಕೆಂಡ್ ತೆರೆದರೆ ಆಗುತ್ತಿದ್ದ ಫೋಟೋಗೆ 1/25 ಬೇಕಾಯಿತು. ಏಳು ವರ್ಷದ ಹುಡುಗಿ ಅಷ್ಟು ಹೊತ್ತು ಒನಕೆ ಬೀಸದೆ ನಿಲ್ಲುತ್ತಾಳೆಯೇ? ನೋಡಿ, ಆ ಫೋಟೋದಲ್ಲಿ ಕೈಗಳೇ ನಾಲ್ಕು. ಕೊನೆಗೆ ಎಫ್ 5.6ಕ್ಕೆ ಬಂದು, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ನಂಬರ್, 400 ಮಾಡಿ, 1/200ರಲ್ಲಿ ಹಿಡಿದೆ. 18 ಎಂಎಂ ಅಗಲದ ಲೆನ್ಸ್ ಆದ್ದರಿಂದ ಅವಳೂ ಚೊಕ್ಕ, ಹಿಂದಿನ ಕಲ್ಲೂ ಚೊಕ್ಕ. ಎಫ್ 22 ಹಾಕಿದರೆ ಇನ್ನೂ ಚೊಕ್ಕ ಬರುತ್ತದೆ ಅಂದುಕೊಳ್ಳಬೇಡಿ, ಅಷ್ಟು ಸಣ್ಣ ತೂತಲ್ಲಿ ಬೆಳಕು ಚದುರಿ ಇಡೀ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ.

ಮೇಲೆ ಉಯ್ಯಾಲೆ ಕಂಬದ ಹತ್ತಿರ ಇನ್ನೊಂದು ಪಾಠ. ಎರಡು ಕಲ್ಲು ಕಂಬ, ಮೇಲೊಂದು ಅಡ್ಡ ಕಲ್ಲು, ಕಟ್ಟು ಹಾಕಿಟ್ಟ ಹಾಗೆ ಚೌಕಟ್ಟು ರೆಡಿ ಇದೆ. ಮೊದಲ ಫೋಟೋದಲ್ಲಿ ಒಂದು ಕಂಬ ಅಕ್ಕನ ತಲೆ ಮೇಲೇ ಮೊಳೆತಿತ್ತು. ಎಡಕ್ಕೆ ಎರಡು ಹೆಜ್ಜೆ ಇಟ್ಟು ಮಂಡಿಯೂರಿ ಕೂತೆ, ಆಕಾಶ ಬಂತು, ಕಂಬ ತಲೆ ಬಿಟ್ಟಿತು. ಇಲ್ಲಿ ಯಾವ ನಂಬರೂ ಬದಲಿಸಲಿಲ್ಲ, ಮಂಡಿಗೆ ಮಾತ್ರ ಧೂಳಾಯಿತು.

ಹಾಗಂತ 50 ಎಂಎಂ ಮಾರಿಲ್ಲ. ಇಳಿಯುವಾಗ ಸೌತೆಕಾಯಿ ಮಾರುವ ಅಜ್ಜಿಯನ್ನು, ಕೇಳಿಕೊಂಡೇ, ಎಫ್ 2.8ರಲ್ಲಿ ತೆಗೆದೆ. ಹಿಂದೆ ನಿಂತಿದ್ದ ಬೈಕುಗಳು, ಪ್ಲಾಸ್ಟಿಕ್ ಕವರುಗಳು ಎಲ್ಲಾ ಕರಗಿದವು. ಅವು ಕರಗಬೇಕಾದವೇ.

ಮನೆಗೆ ಬಂದು ಕಿಂಡಿಯ ಹೊಸ ಫೋಟೋ ಅಮ್ಮನಿಗೆ ಕಳಿಸಿದೆ. ವಾಟ್ಸಾಪ್ ಡಿಪಿಯಲ್ಲಿ ಈಗಲೂ ಹೋದ ವರ್ಷದ ಆ ಮಂಜು ಫೋಟೋನೇ ಇದೆ. ಮೊಮ್ಮಗಳ ಮುಖ ದೊಡ್ಡದಾಗಿ ಕಾಣುತ್ತದಂತೆ.