ಬಾಗಿಲು ಹಾಕಿಕೊಳ್ಳುವ ಜಾಗ

ಮೂರು ತಿಂಗಳಿಗಿಂತ ಜಾಸ್ತಿ ಸೂರ್ಯನೇ ಹುಟ್ಟದ ಕಡೆ ಮನೆ ಕಟ್ಟಬೇಕು ಅಂದರೆ ಮೊದಲು ಏನು ಇಡುತ್ತೀರಿ? ಹೀಟರ್, ಅಲ್ವಾ? ಹೀಟರ್ ಇಡೋದು ಸುಲಭ ರೀ. ಕಷ್ಟ ಇರೋದು ಒಳಗಿರುವ ಮನುಷ್ಯನ ತಲೆ ಕೆಡದ ಹಾಗೆ ನೋಡಿಕೊಳ್ಳೋದರಲ್ಲಿ.

ಅಂಟಾರ್ಕ್ಟಿಕಾದಲ್ಲಿ ಬ್ರಿಟನ್ನಿನವರ ಹ್ಯಾಲಿ 6 ಅಂತ ಒಂದು ಸಂಶೋಧನಾ ಕೇಂದ್ರವಿದೆ. 2013ರಲ್ಲಿ ಶುರುವಾದದ್ದು. ಕಾಲಿಗೆ ಸ್ಕೀ ಕಟ್ಟಿಕೊಂಡು ಮಂಜಿನ ಮೇಲೆ ಸಾಲಾಗಿ ನಿಂತ ನೀಲಿ ಪೆಟ್ಟಿಗೆಗಳು. ನಡುವೆ ಒಂದೇ ಒಂದು ಕೆಂಪು, ಎಲ್ಲಕ್ಕಿಂತ ದೊಡ್ಡದು. ಊಟ, ಹರಟೆ, ಆಟ ಎಲ್ಲ ಅಲ್ಲೇ. ಮಲಗುವ ರೂಮಿನಲ್ಲಿ ನಿಧಾನಕ್ಕೆ ಬೆಳಗಾದ ಹಾಗೆ ಹೊತ್ತುವ ದೀಪ. ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಮೆಟ್ಟಿಲು. ಅದಕ್ಕೆ ಪರಿಮಳ ಬರುವ ದೇವದಾರು ಜಾತಿಯ ಕಟ್ಟಿಗೆಯನ್ನೇ ಹುಡುಕಿ ಹಾಕಿದ್ದಾರೆ. ಸುತ್ತ ಬರೀ ಹಿಮ. ಮೂಗಿಗೂ ಏನಾದರೂ ಬೇಕಲ್ಲ! ಮಂಜುಗಡ್ಡೆ ಬಿರುಕು ಬಿಟ್ಟು 2017ರಿಂದ ಚಳಿಗಾಲದಲ್ಲಿ ಅದನ್ನು ಖಾಲಿ ಬಿಡಬೇಕಾಯಿತು, ಅದು ಬೇರೆ ಮಾತು.

ನಮ್ಮ ದೇಶದ ಭಾರತಿ ಕೇಂದ್ರವೂ ಅಂಟಾರ್ಕ್ಟಿಕಾದಲ್ಲೇ ಇದೆ. 134 ಶಿಪ್ಪಿಂಗ್ ಕಂಟೇನರ್ ಜೋಡಿಸಿ ಕಟ್ಟಿದ್ದು, 2012ರಿಂದ ನಡೆಯುತ್ತಿದೆ. ಇನ್ನು ಭೂಮಿಯನ್ನು ಸುತ್ತುತ್ತಲೇ ಇರುವ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ 16 ಸಲ ಸೂರ್ಯ ಹುಟ್ಟುತ್ತಾನೆ. ಜಾಗಕ್ಕೆ ಅಷ್ಟು ಬರವಿದ್ದರೂ ಮಲಗೋಕೆ ಒಬ್ಬೊಬ್ಬರಿಗೆ ಫೋನ್ ಬೂತ್‌ನಷ್ಟು ಗೂಡು ಕೊಟ್ಟಿದ್ದಾರೆ. ಅದಕ್ಕೂ ಬಾಗಿಲಿದೆ.

ಆ ಬಾಗಿಲೇ ಮುಖ್ಯ ಅನ್ನಿಸುತ್ತದೆ ನನಗೆ. ಬೇಕಾದಾಗ ನಾಲ್ಕು ಜನರ ನಡುವೆ ಕೂರಬೇಕು, ಸಾಕಾದಾಗ ಎದ್ದು ಹೋಗೋಕೆ ಜಾಗ ಇರಬೇಕು.

ಈಗ ನಮ್ಮ ಮನೆ ನೋಡಿ. ವಿಜಯಪುರದ ಹತ್ತಿರದ ಹಳೇ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಮೇಲೆ ಬೆಳಕಿಂಡಿ. ನೆಲದ ಮೇಲಿನ ಬಿಸಿಲು ನೋಡಿ ಅವ್ವ ಹೊತ್ತು ಹೇಳುತ್ತಾರೆ. ಪಡಸಾಲೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಹ್ಯಾಲಿಯ ಕೆಂಪು ಪೆಟ್ಟಿಗೆಗೆ ಇದೇನು ಕಡಿಮೆಯಿಲ್ಲ. ಆದರೆ ಒಬ್ಬರೇ ಇರೋಕೆ? ದೇವರ ಖೋಲಿ ಒಂದೇ. ಅಲ್ಲಿ ಕಣ್ಣು ಮುಚ್ಚಿ ಕೂತರೆ ಯಾರೂ ಮಾತಾಡಿಸುವುದಿಲ್ಲ. ಅವ್ವನ ಪೂಜೆ ಯಾಕೆ ಅಷ್ಟು ಹೊತ್ತು ನಡೆಯುತ್ತಿತ್ತು ಅಂತ ಈಗ ಅನುಮಾನ ಬರುತ್ತಿದೆ!

ಈಗ ಮನೆ ರಿಪೇರಿ ನಡೆದಿದೆ. ಅದರಲ್ಲಿ ಹಿಂದಿನ ಕಾಳಿನ ಖೋಲಿಗೆ ಒಂದು ಕಿಟಕಿ, ಒಂದು ಚಿಲಕ ಹಾಕಿಸುತ್ತಿದ್ದೇನೆ. ಅಪ್ಪನಿಗೆ ಕಿಟಕಿ ಒಪ್ಪಿಗೆ. ಚಿಲಕದ ಬಗ್ಗೆ ಇನ್ನೂ ವಾದ ನಡೆದಿದೆ: "ಮನಿಯಾಗ ಯಾರಿಗೆ ಅಂಜಿ ಚಿಲಕ ಹಾಕ್ತೀಯೋ?"