ಮೊದಲ ಕುಂಡ್ರಿ ಡಾಕ್ಟ್ರೇ!

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತ ಜ್ವಾಳದ ರೊಟ್ಟಿ ವಿಡಿಯೋ ಹಾಕೋದಿತ್ತು, ಬಿಟ್ಟೀನಿ. ಯಾಕಂದ್ರ ಕೆಟ್ಟ ಸುದ್ದಿ ಇದ್ರ ಡಾಕ್ಟರ್ ಕುಂತು ಹೇಳ್ಬೇಕು ಅಂತ ನಾ ಅಂದಿದ್ದಕ್ಕ ಒಬ್ಬರು ಕಾಮೆಂಟ್ ಹಾಕ್ಯಾರ: "ಓಪಿಡಿದಾಗ ನೂರು ಮಂದಿ ಕಾಯ್ತಿರ್ತಾರ, ಡಾಕ್ಟರ್ ಕುಂತು ಕಥಿ ಹೇಳ್ಬೇಕೇನು?" ಕಥಿ ಅಲ್ರೀ ಸಾಹೇಬ್ರ, ಸಾವಿನ ಸುದ್ದಿ!

ನಮ್ಮ ಕಾಕಾಂದು ಕೇಳ್ರಿ. ಇಲ್ಲೇ ಕಲಬುರಗಿದಾಗ ಒಂದು ದವಾಖಾನಿ, ಹೆಸರು ಬ್ಯಾಡ. ಡಾಕ್ಟರ್ ವರಾಂಡದಾಗ ನಿಂತಾರ, ಒಂದು ಕೈಯಾಗ ರಿಪೋರ್ಟ್, ಒಂದು ಕೈಯಾಗ ಫೋನ್. "ಲಿವರಿಗಿ ಮೆಟಾಸ್ಟಾಸಿಸ್ ಆಗ್ಯದ, ಮನಿಗಿ ಒಯ್ರಿ." ಅಂದ್ರ ಕ್ಯಾನ್ಸರ್ ಲಿವರಿಗೂ ಹಬ್ಬ್ಯದ ಅಂತ. ಅಷ್ಟಂದು ಹೊಂಟೇ ಹೋದ್ರು. ವೀಲ್‌ಚೇರ್‌ನ್ಯಾಗ ಕುಂತ ಕಾಕಾ ನನ್ನ ಮಾರಿ ನೋಡ್ತಾನ, "ಯಾನಂದ್ರೋ ತಮ್ಮಾ?" ನಾ ಅಂದೆ, "ಗ್ಯಾಸ್ ಆಗ್ಯದಂತ ಕಾಕಾ." ಎರಡು ದಿನ ಗ್ಯಾಸಿನ ಗುಳಿಗಿ ತಾ ಅಂತ ಕೇಳ್ದ ಅಂವ.

ನಂದು ಒಂದೇ ಮಾತು. ಕುಂಡ್ರಿ, ಆಮ್ಯಾಲ ಹೇಳ್ರಿ.

ಇದು ನಾ ಹುಟ್ಟಿಸಿದ್ದೇನಲ್ಲ. 2000ರಾಗೇ ಅಮೆರಿಕ, ಕೆನಡಾದ ಕ್ಯಾನ್ಸರ್ ದವಾಖಾನಿ ಡಾಕ್ಟರ್‌ಗಳು ಕೆಟ್ಟ ಸುದ್ದಿ ಹೆಂಗ ಹೇಳ್ಬೇಕು ಅಂತ 'ಸ್ಪೈಕ್ಸ್' ಅನ್ನೋ ಆರು ಹೆಜ್ಜಿ ಬರದಿಟ್ಟಾರ. ಮೊದಲನೇದು, ಮಂದಿ ಇಲ್ಲದ ಜಾಗ ನೋಡಿ ಕುಂಡ್ರೋದು. ಎರಡನೇದು, ನಿಮಗ ಇಲ್ಲಿ ತನಕ ಏನು ತಿಳದದ ಅಂತ ಕೇಳೋದು. ಸುದ್ದಿ ಬರೋದು ನಾಕನೇ ಹೆಜ್ಜಿಗಿ! ನಮ್ಮವರು ಸೀದಾ ನಾಕಕ್ಕೇ ಜಿಗಿತಾರ, ನಮ್ಮ ಕಲಬುರಗಿ ಜಗತ್ ಸರ್ಕಲ್‌ದಾಗ ಆಟೋ ಜಿಗಿದಂಗ. 2019ರಿಂದ ನಮ್ಮ ಎಂಬಿಬಿಎಸ್‌ದಾಗೂ 'ಏಟ್‌ಕಾಮ್' ಅಂತ ರೋಗಿ ಜೋಡಿ ಮಾತಾಡೋದು ಕಲಿಸೋ ಪಾಠ ಅದಾ. ಅದಕ್ಕೂ ಮೊದಲು ಪಾಸಾದವರು? ಕುಂಡ್ರೀ!

ಟೈಮ್ ಇಲ್ಲ ಅಂತೀರಿ. ಕಾನ್ಸಾಸ್ ವಿಶ್ವವಿದ್ಯಾಲಯದ ದವಾಖಾನ್ಯಾಗ ಅಳದು ನೋಡ್ಯಾರ, 2012ರಾಗ ಪ್ರಕಟ ಆಗ್ಯದ. ಆಪರೇಷನ್ ಆದವರ ಹಾಸಿಗಿ ಬಾಜೂಕ ಡಾಕ್ಟರ್ ಕುಂತಿದ್ದು ಒಂದು ಮಿನಿಟಿನ ಮ್ಯಾಲ ಚೂರು. ರೋಗಿಗಿ ಅನಿಸಿದ್ದು ಐದು ಮಿನಿಟು! ನಿಂತಾಗ ಅದಕ್ಕಿಂತ ಹೆಚ್ಚು ಹೊತ್ತು ಇದ್ರೂ ಕಡಿಮೀನೇ ಅನಿಸ್ಯದ. ಈಗೇನಂತೀರಿ ನೂರು ಮಂದಿ ಓಪಿಡಿ ಸಾಹೇಬ್ರ?

ಹಾಂ, ನಡುವ ಒಂದು ಮಾತು. ನಮ್ಮ ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಈ ಸೀಮಿದೇ ಅನ್ನೋ ಸರ್ಕಾರಿ ಗುರುತು ಸಿಕ್ಕದ, ಗೊತ್ತಲ್ಲ? ನಮ್ಮ ತಮ್ಮನ ಮಿಲ್ಲಿನ ಬ್ಯಾಳಿ ಬೇಕಾದ್ರ ಲಿಂಕ್ ಕೆಳಗ ಅದಾ. ಸಬ್‌ಸ್ಕ್ರೈಬ್ ಒತ್ರಿ, ಬಿಟ್ಟಿನೇ ಅದಾ.

ಇನ್ನೊಬ್ಬರು, "ಖರೇ ಹೇಳಿದ್ರ ರೋಗಿ ಎದಿ ಒಡೀತದ" ಅಂತಾರ. ವರಾಂಡದಾಗ ಹೇಳಿದ್ರ ಗಟ್ಟಿ ಆಗ್ತದೇನ್ರಿ? ಕುಂಡ್ರಿ! ಕುರ್ಚಿ ಇಲ್ಲ ಅಂದ್ರ ಸ್ಟೂಲು. ಸ್ಟೂಲ್ ಇಲ್ಲ ಅಂದ್ರ ಹಾಸಿಗಿ ಅಂಚಿಗಿ. ಬೇಕಾದ್ರ ನಾನೇ ಕುರ್ಚಿ ಹೊತ್ತು ತರ್ತೀನಿ, ಯಾವ ದವಾಖಾನಿ ಅಂತ ಕಾಮೆಂಟ್‌ದಾಗ ಹಾಕ್ರಿ!

ಏನು? ನಾ ಯಾಕ ನಿಂತು ಮಾತಾಡ್ಲಕತ್ತೀನಿ ಅಂತೀರೇನು? ನನ್ನ ಕುರ್ಚಿ ಮುರದದ್ರೀ. ನಗಬ್ಯಾಡ್ರಿ.